ಅವಳಿಗೊಬ್ಬಳಿಗೇ ಕಂಡ ಸೈಟು

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅತ್ತಿಗೆ ಮೂರನೆಯ ಸಲ ಕಂಪ್ಯೂಟರಿನಲ್ಲಿ ತನ್ನ ಅಂಗಡಿಯ ವೆಬ್‌ಸೈಟು ತೆರೆದು ನೋಡಿದಳು. ಚೆನ್ನಾಗಿಯೇ ಇತ್ತು. ಒಂದು ಕಾಲು ಗಿಡ್ಡವಾದವರಿಗೆ, ಪಾದ ಸೊಟ್ಟಗಿರುವವರಿಗೆ, ಸಕ್ಕರೆ ಕಾಯಿಲೆಯಿಂದ ಬೆರಳು ಕಳೆದುಕೊಂಡವರಿಗೆ ಅಳತೆ ತೆಗೆದು ಅವಳು ಮಾಡಿಕೊಡುವ ಬೂಟುಗಳೆಲ್ಲ ಸಾಲಾಗಿ ಕೂತಿದ್ದವು. ಮತ್ತೆ ಆ ಡಾಕ್ಟರಿಗೇನು ದಾಡಿ? ಪಾದದ ಆಸ್ಪತ್ರೆಯ ರೋಗಿಗಳನ್ನು ಬೂಟಿಗೆ ಯಾರ ಹತ್ತಿರ ಕಳಿಸುವುದೆಂದು ಮಂಗಳವಾರ ತೀರ್ಮಾನಿಸುತ್ತೇವೆ, ಅಷ್ಟರೊಳಗೆ ನಿಮ್ಮ ಸೈಟು ನೋಡುತ್ತೇವೆ ಎಂದಿದ್ದ ಮನುಷ್ಯ ಗುರುವಾರವಾದರೂ ಫೋನು ಮಾಡಿರಲಿಲ್ಲ. ಆ ಕೆಲಸ ಸಿಕ್ಕರೆ ಮನೆಯ ಮುಂದಿನ ಕೋಣೆಯಲ್ಲಿರುವ ಈ ಅಂಗಡಿ ಉಳಿಯುತ್ತಿತ್ತು. ಇಲ್ಲದಿದ್ದರೆ ಹೋಗಿಬರುವವರ ಕಿತ್ತುಹೋದ ಹಿಮ್ಮಡಿಗೆ ಮೊಳೆ ಹೊಡೆಯುತ್ತ ಕೂರಬೇಕಿತ್ತು.

ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಅಲ್ಲಿ ನಾದಿನಿ ಕೂತಿದ್ದಳು. ಬೂಟಿನ ಮೇಲಿನ ಚರ್ಮವನ್ನು ಹೊಲಿಯುವವಳು ಅವಳೇ. ಅಷ್ಟು ಸಣ್ಣ ಹೊಲಿಗೆ ಅತ್ತಿಗೆಯ ಕೈಗೆ ಈ ಜನ್ಮದಲ್ಲಿ ಹತ್ತುವಂಥದ್ದಲ್ಲ. ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದು ಆರು ವರ್ಷ, ಆರು ವರ್ಷವೂ ಆ ಯಂತ್ರದ ಮುಂದೆಯೇ. ಸೋಮವಾರದಿಂದ ಇಬ್ಬರಿಗೂ ಮಾತಿರಲಿಲ್ಲ.

ಸೋಮವಾರ ಆಗಿದ್ದು ಇಷ್ಟು. "ಅತ್ತಿಗೆ, ಸೈಟು ತೆರೀತಿಲ್ಲ. ಏನೋ ದೋಷ ಅಂತ ಬರ್ತಿದೆ," ಎಂದು ನಾದಿನಿ ಫೋನು ಹಿಡಿದುಕೊಂಡು ಬಂದಳು. ಅತ್ತಿಗೆ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ನೋಡುವುದೇನು, ತನ್ನ ಕಂಪ್ಯೂಟರಿನಲ್ಲಿ ಸೈಟು ಫಳಫಳ ಹೊಳೆಯುತ್ತಿರುವಾಗ? ‘ಹೊಲಿಗೆ ಯಾರದು ಅಂತಾನೂ ಸೈಟಲ್ಲಿ ಹಾಕಿ’ ಎಂದು ನಾದಿನಿ ಹಿಂದಿನ ವಾರ ಕೇಳಿದ್ದಳು, ಇವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಓಹೋ, ಅದಕ್ಕೇ ಈ ನಾಟಕ ಎಂದುಕೊಂಡಳು. ಅಂದುಕೊಂಡು ಸುಮ್ಮನಿದ್ದಿದ್ದರೆ ಬೇರೆ ಮಾತು. "ಇರೋದು ನಮ್ಮನೇಲಿ, ಬಯಸೋದು ನಮ್ಮ ಕೇಡು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಕಣೇ," ಎಂದುಬಿಟ್ಟಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ನಾದಿನಿ ಒಳಗೆ ಹೋಗಿ ಯಂತ್ರ ಓಡಿಸತೊಡಗಿದಳು.

ಹತ್ತೂಕಾಲಿಗೆ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು, ಕೋಲೂರಿಕೊಂಡು ಬಂದರು. "ಸದ್ಯ, ಅಂಗಡಿ ಇದೆಯಲ್ಲಮ್ಮ. ಮನೆ ಕಂಪ್ಯೂಟರಲ್ಲಿ ನಾಲ್ಕು ದಿನದಿಂದ ನೋಡ್ತಿದೀನಿ, ನಿನ್ನ ಸೈಟು ತೆರೀತಾನೇ ಇಲ್ಲ. ಮುಚ್ಚಿಬಿಟ್ಯೇನೋ ಅಂದ್ಕೊಂಡೆ," ಎಂದರು.

ಅತ್ತಿಗೆ ಕಂಪ್ಯೂಟರಿನತ್ತ ತಿರುಗಿದಳು, ಸೈಟು ಅಲ್ಲೇ ಇತ್ತು. ಮೇಷ್ಟ್ರಿಗೆ ತನ್ನ ಮೇಲೆ ಯಾವ ಹೊಟ್ಟೆಕಿಚ್ಚು?

ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಗೆ ಫೋನು ಮಾಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಆ ಕಡೆ ಫೋನೆತ್ತಿದ ಹೆಂಗಸಿಗೆ ಉಸಿರು ತೆಗೆದುಕೊಳ್ಳದೆ ಬೈದಳು. ದಿನಕ್ಕೆ ಇಂಥ ಎಷ್ಟು ಬೈಗುಳ ಕೇಳುತ್ತಿದ್ದಳೋ, ಆಕೆ ತಣ್ಣಗೆ ಕೇಳಿದಳು: "ಮೇಡಂ, ಇತ್ತೀಚೆಗೆ ಸೈಟಿಗೆ ಏನಾದ್ರೂ ಹೊಸದು ಸೇರಿಸಿದ್ರಾ?"

"ಭಾನುವಾರ ಒಂದು ಪ್ಲಗಿನ್ ಹಾಕ್ದೆ. ಸೈಟು ಬೇಗ ತೆರೆಯುತ್ತೆ ಅಂತ ಬರೆದಿದ್ರು."

"ಅದೇ ಕೈಕೊಟ್ಟಿದೆ. ನಿಮ್ಮ ಕಂಪ್ಯೂಟರು ಭಾನುವಾರದ ಪುಟಗಳನ್ನ ತನ್ನ ಹತ್ರ ಇಟ್ಕೊಂಡು ಅದನ್ನೇ ತೋರಿಸ್ತಿದೆ. ಈಗಿನ ಸೈಟು ನಿಮಗೆ ಕಾಣ್ತಾನೇ ಇಲ್ಲ. ಬೇರೆಯವರ ಫೋನಲ್ಲಿ ನೋಡಿ."

ಮೇಷ್ಟ್ರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಇನ್ನುಳಿದದ್ದು ಒಂದೇ. ಅತ್ತಿಗೆ ಒಳಕೋಣೆಗೆ ಹೋಗಿ ಕೈ ಚಾಚಿ ನಿಂತಳು. ನಾದಿನಿ ಸೈಟು ತೆರೆದೇ ಫೋನು ಕೊಟ್ಟಳು. ಬಿಳೀ ಪುಟ. ನಡುವೆ ‘ಸರ್ವರ್ ದೋಷ 500’. ಬೂಟಿಲ್ಲ, ವಿಳಾಸವಿಲ್ಲ, ಏನೂ ಇಲ್ಲ.

ಕಂಪನಿಯ ಹೆಂಗಸು ಹೇಳಿಕೊಟ್ಟ ಹಾಗೆ ಆ ಪ್ಲಗಿನ್ನಿನ ಫೋಲ್ಡರು ಹುಡುಕಿ ಅದರ ಹೆಸರು ಬದಲಿಸಿದಳು. ಹೆಸರು ಸಿಗದಿದ್ದರೆ ಸೈಟು ಅದನ್ನು ಬಿಟ್ಟು ಮುಂದೆ ಹೋಗುತ್ತದಂತೆ. ಹೋಯಿತು. ನಾದಿನಿಯ ಫೋನಿನಲ್ಲಿ ಬೂಟುಗಳು ಮೂಡಿದವು. ಐದು ನಿಮಿಷದ ಕೆಲಸ. ಸೋಮವಾರವೂ ಐದೇ ನಿಮಿಷ ಹಿಡಿಯುತ್ತಿತ್ತು.

ಕೂಡಲೇ ಡಾಕ್ಟರಿಗೆ ಫೋನು ಮಾಡಿದಳು.

"ಎರಡು ದಿನ ನೋಡಿದ್ವಮ್ಮ, ತೆರೀಲಿಲ್ಲ," ಎಂದರು ಅವರು. "ಬೇರೆಯವರಿಗೆ ಕೊಟ್ಟಾಯ್ತು. ಮುಂದಿನ ವರ್ಷ ನೋಡೋಣ."

"ಒಂದು ಫೋನ್ ಮಾಡಿ ಹೇಳೋಕೇನಾಗಿತ್ತು ನಿಮಗೆ?"

"ನಿಮ್ಮ ನಂಬರೂ ಆ ಸೈಟಲ್ಲೇ ಇತ್ತಲ್ಲಮ್ಮ."

ಅತ್ತಿಗೆಗೆ ಮೈಯೆಲ್ಲ ಉರಿಯಿತು. ಡಾಕ್ಟರನ್ನು ಬೈಯುವಂತಿಲ್ಲ, ಕಂಪನಿಯವಳನ್ನು ಆಗಲೇ ಬೈದಾಗಿತ್ತು, ಮೇಷ್ಟ್ರು ಪಾಪ, ಬೂಟು ಬಿಚ್ಚಿ ಕೂತಿದ್ದರು. ಸಿಟ್ಟು ಸುತ್ತಿ ಸುತ್ತಿ ತನ್ನ ಮೇಲೇ ಬಂದು ನಿಂತಿತು, ಅದನ್ನು ತಡೆದುಕೊಳ್ಳುವುದು ಅವಳಿಗೆ ಗೊತ್ತಿರಲಿಲ್ಲ. ದಡದಡ ಒಳಗೆ ಹೋದಳು.

"ಸೋಮವಾರಾನೇ ಹೇಳಿದ್ದೆ ಅಂತ ಬೈಯಬಾರ್ದಾ? ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲ, ಇನ್ನೊಂದು ಸಲ ಹೇಳಿದ್ರೆ ಗಂಟೇನು ಹೋಗ್ತಿತ್ತು ನಿಂದು?"

ತಪ್ಪಾಯಿತು ಎನ್ನಲು ಹೊರಟಿದ್ದ ಬಾಯಿ ಅದು. ಅಭ್ಯಾಸಬಲ, ಜಗಳವಾಗಿಯೇ ಹೊರಬಿತ್ತು.

ನಾದಿನಿ ಯಂತ್ರ ನಿಲ್ಲಿಸಿ ದಾರ ಕತ್ತರಿಸಿದಳು. "ಈ ನಾಲ್ಕು ಜೊತೆ ಮುಗಿಸಿಕೊಡ್ತೀನಿ ಅತ್ತಿಗೆ. ನಾಡಿದ್ದು ಹೊರಡ್ತೀನಿ. ಚರ್ಮದ ಬ್ಯಾಗು ಮಾಡೋರು ಕೆಲಸಕ್ಕೆ ಕರೆದಿದಾರೆ, ಇರೋಕೆ ಒಂದು ಕೋಣೇನೂ ಕೊಡ್ತಾರಂತೆ."

ಅತ್ತಿಗೆಯ ದನಿ ಇಳಿದುಹೋಯಿತು. "ಇಲ್ಲಿ ಹೊಲಿಯೋರು ಯಾರು?"

"ಹೊಲಿಯೋರು ಬೇಕಾಗಿದ್ದಾರೆ ಅಂತ ಸೈಟಲ್ಲಿ ಹಾಕಿ," ಎಂದಳು ನಾದಿನಿ. "ಈಗ ಎಲ್ರಿಗೂ ಕಾಣ್ಸುತ್ತೆ."