ಎಂಟು ಕಪ್ಪು ಚುಕ್ಕಿ

ನಮ್ಮ ಮಾವನ ಹೆಸರು ನಾನು ಹೇಳುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನಮ್ಮ ಇಬಾನ್ ಬುಡಕಟ್ಟಿನಲ್ಲಿ ಸೊಸೆಯ ಬಾಯಲ್ಲಿ ಮಾವನ ಹೆಸರು ಬಂತೆಂದರೆ ಕೇಡು ಕಟ್ಟಿಟ್ಟ ಬುತ್ತಿ. ಇಪ್ಪತ್ತೆರಡು ವರ್ಷ ಹೀಗೇ ಬಾಳಿದೆ, ಏನೂ ತೊಂದರೆಯಾಗಲಿಲ್ಲ. ವೈ-ಫೈ ಬರುವ ತನಕ.

ಅದನ್ನು ಹಾಕಲು ಬಂದವಳು ಸಿಬು ಪೇಟೆಯ ರಿನ್ಯಾ ಎಂಬ ಹುಡುಗಿ. ಬಾಗಿಲಿಗೊಂದು ಸಂಸಾರದಂತೆ ಹದಿನೆಂಟು ಬಾಗಿಲಿನ ನಮ್ಮ ಉದ್ದಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದಳು.

"ಈ ರೂಟರ್ ಅಂದ್ರೆ ನಿಮ್ಮ ಯಜಮಾನಜ್ಜ ಇದ್ದ ಹಾಗೆ. ಹೊರಗಿಂದ ಬಂದದ್ದೆಲ್ಲ ಮೊದಲು ಇವನ ಹತ್ರ. ಯಾವ ಬಾಗಿಲಿಗೆ ಹೋಗ್ಬೇಕೋ ಅಲ್ಲಿಗೆ ಇವನು ಕಳಿಸ್ತಾನೆ. ಒಂದೊಂದು ಫೋನಿಗೂ ಒಂದೊಂದು ಬಾಗಿಲ ನಂಬರು, ಅದೇ ಐಪಿ ವಿಳಾಸ. ಬ್ಯಾಂಡ್‌ವಿಡ್ತ್ ಅಂದ್ರೆ ಹೊಳೆ ಅಗಲ. ಎಲ್ಲರೂ ಒಟ್ಟಿಗೆ ಸಿನಿಮಾ ಹಾಕಿದ್ರೆ ದೋಣಿ ಸಿಕ್ಕಾಕೊಳ್ತವೆ!"

"ಮಾತೆಲ್ಲ ಒಂದೇ ಸಲ ಹೋಗತ್ತಾ?" ಕೇಳಿದವರು ಆ ಯಜಮಾನರೇ, ನಮ್ಮ ಮಾವ.

"ಇಲ್ಲ ಅಜ್ಜ, ಚೂರು ಚೂರಾಗಿ. ಪ್ಯಾಕೆಟ್ ಅಂತಾರೆ. ಒಂದು ಚೂರು ನೋಡಿದ್ರೆ ಏನೂ ಗೊತ್ತಾಗಲ್ಲ. ಆ ಕಡೆ ಸೇರಿದ ಮೇಲೇ ಮಾತು."

ಪಾಸ್‌ವರ್ಡ್ ಏನಿಡೋಣ ಎಂದಾಗ ಮಾವ ಎದೆಯುಬ್ಬಿಸಿ, "ನನ್ನ ಹೆಸರಿಡು, ಯಾರಿಗೂ ಮರೆಯಲ್ಲ" ಅಂದರು. ಸೊಸೆಯ ಗತಿಯೇನೆಂದು ಒಬ್ಬರಿಗಾದರೂ ಹೊಳೆಯಬೇಡವೇ! ನನ್ನ ಫೋನಿಗೆ ನನ್ನ ಗಂಡ ಒತ್ತಿಕೊಟ್ಟ, ಅಲ್ಲಿಗೆ ಮುಗಿಯಿತು.

ಆಮೇಲೊಂದು ದಿನ ಆ ಫೋನ್ ಹೊಳೆ ಪಾಲಾಯಿತು. ತಂಗಿ ಸಿಬುವಿನಿಂದ ಕಳಿಸಿದ ಹೊಸದು ವಾರ ಕಳೆದ ಮೇಲೆ ಬೆಳಗಿನ ದೋಣಿಯಲ್ಲಿ ಬಂತು. ಅವತ್ತೇ ಹತ್ತು ಗಂಟೆಗೆ ಅಲ್ಲಿನ ಆಸ್ಪತ್ರೆಯಲ್ಲಿ ಅಮ್ಮನ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮುಂಚೆ ಒಂದು ಸಲ ಅಮ್ಮನ ಮುಖ ನೋಡಬೇಕಿತ್ತು. ನಮ್ಮ ಹೊಳೆದಂಡೆಗೆ ಬೇರೆ ಸಿಗ್ನಲ್ ಇಲ್ಲ. ಮನೆಮಂದಿಯೆಲ್ಲ ಭತ್ತದ ಕೊಯ್ಲಿಗೆ ಹೋಗಿದ್ದರು. ಓದುಬರಹ ಬಾರದ ಮಾವ ಒಬ್ಬರೇ ಬುಟ್ಟಿ ಹೆಣೆಯುತ್ತ ಕೂತಿದ್ದರು.

ಹೊಸ ಫೋನ್ ಪಾಸ್‌ವರ್ಡ್ ಕೇಳಿತು. ನನ್ನ ಬೆರಳು ಮೊದಲ ಅಕ್ಷರದ ಹತ್ತಿರ ಹೋಗಿ ನಿಂತುಬಿಟ್ಟಿತು. ಬರೆದರೂ ಹೇಳಿದಂತೆಯೇ ತಾನೆ? ಅದೂ ಇಂಥ ದಿನ! ಆ ಕೇಡು ಅಮ್ಮನಿಗೇ ತಗುಲಿದರೆ?

"ಯಾಕಮ್ಮಾ, ದೆವ್ವ ನೋಡ್ದೋಳ ಹಾಗೆ ನಿಂತಿದೀಯ?" ಮಾವ ಕೇಳಿದರು.

"ನಿಮ್ಮಿಂದಲೇ ಮಾವಾ! ಆ ಪೆಟ್ಟಿಗೆಗೆ ಇಡೋಕೆ ಬೇರೆ ಮಾತೇ ಸಿಗ್ಲಿಲ್ವಾ ನಿಮಗೆ?" ಎಂದು ಅತ್ತುಬಿಟ್ಟೆ.

ಅವರಿಗೆ ಅರ್ಥವಾಯಿತು. ಬುಟ್ಟಿ ಪಕ್ಕಕ್ಕಿಟ್ಟರು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಅಳಬೇಡ. ಆ ಹುಡುಗಿ ಏನಂದ್ಲು? ಒಂದು ಚೂರು ನೋಡಿದ್ರೆ ಏನೂ ಗೊತ್ತಾಗಲ್ಲ ಅಂದ್ಲು ತಾನೆ? ಒಂದಕ್ಷರ ನನ್ನ ಹೆಸರಲ್ಲ. ಒಂದೊಂದೇ ಒತ್ತು. ಸೇರಿಸಿ ಓದ್ಕೊಳ್ಳೋದು ಆ ಪೆಟ್ಟಿಗೆ ಕೆಲಸ, ನಿಂದಲ್ಲ."

ಒತ್ತಿದೆ. ಅಕ್ಷರ ಮೂಡಬೇಕಾದ ಜಾಗದಲ್ಲಿ ಕಪ್ಪು ಚುಕ್ಕಿ ಮೂಡಿತು. ಎಂಟು ಅಕ್ಷರಕ್ಕೆ ಎಂಟು ಚುಕ್ಕಿ.

ಮಾವ ಇಣುಕಿ ನೋಡಿ ಗಹಗಹಿಸಿದರು. "ನೋಡೇ, ಇದಕ್ಕೂ ನನ್ನ ಹೆಸರು ಗೊತ್ತು, ಬಾಯಿ ಬಿಡ್ತಾ ಇಲ್ಲ. ಇದೂ ನನ್ನ ಸೊಸೇನೇ!"

ವೈ-ಫೈ ಸಿಕ್ಕಿತು; ತಂಗಿಗೆ ವಿಡಿಯೋ ಕಾಲ್ ಮಾಡಿದೆ, ಅಮ್ಮ ಕಂಡಳು. ತಲೆಗೆ ಹಸಿರು ಟೋಪಿ ಹಾಕಿ ಚಕ್ರದ ಮಂಚದ ಮೇಲೆ ಮಲಗಿಸಿದ್ದರು.

"ಎಷ್ಟೊತ್ತೇ! ನೀನು ಬರಲ್ವೇನೋ ಅಂತ ಜೀವ ಹೋಗ್ತಿತ್ತು. ಯಾರು ಮಾಡಿಕೊಟ್ರು?"

"ಮಾವ ಕಣಮ್ಮ."

"ಬೀಗರಿಗೆ ಹೇಳು, ಎದ್ದು ಬಂದು ಬಿದಿರ ಕೊಳವೇಲಿ ಕೋಳಿ ಬೇಯಿಸಿ ನಾನೇ ಬಡಿಸ್ತೀನಿ ಅಂತ."

ಎರಡು ತಿಂಗಳಿಗೆ ಬಂದಳು, ಬಡಿಸಿದಳು ಕೂಡ. ಮಾವ ಎರಡು ಸಲ ಹಾಕಿಸಿಕೊಂಡರು.

ಮೊನ್ನೆ ರಿನ್ಯಾ ಮತ್ತೆ ಬಂದಿದ್ದಳು. ಮಾವನೇ ಅವಳನ್ನು ಕರೆದು, "ಪಾಸ್‌ವರ್ಡ್ ಬದಲಾಯಿಸಮ್ಮ, ನನ್ನ ಸೊಸೆ ಬಾಯ್ತುಂಬ ಹೇಳೋ ಅಂಥದ್ದು ಇಡು" ಅಂದರು.

"ಮುಟ್ಟಬೇಡ" ಅಂದೆ ನಾನು. "ನನ್ನಮ್ಮನ್ನ ತೋರಿಸಿದ ಹೆಸರು ಅದು. ಅದೇ ಇರಲಿ."