ಯೂಸುಫ್ ಬೈಲಿನಲ್ಲಿ ಮನೆ ಕಟ್ಟಿದ, ಅಥವಾ ಕಟ್ಟಲಿಲ್ಲ

೧

ಹೇಗೆ ಶುರು ಮಾಡುವುದು? ‘ಬೈಲಿನ ನಡುವೆ ಒಂದು ತಾರಸಿ ಮನೆ’ ಎಂದು ಬರೆದರೆ ಕಾಪು ಕಡೆಯ ಓದುಗರು ಮೊದಲ ಸಾಲಿಗೇ ನಕ್ಕು ಪುಸ್ತಕ ಮುಚ್ಚುತ್ತಾರೆ. ಬೇರೆ ಊರಿನವರಿಗೆ ನಗು ಯಾಕೆಂದೇ ತಿಳಿಯುವುದಿಲ್ಲ. ಅವರಿಗಾಗಿ ಇಷ್ಟು: ನಮ್ಮಲ್ಲಿ ಎತ್ತರದ ಗದ್ದೆ ಬೆಟ್ಟು, ನಡುವಿನದು ಮಜಲು, ಎಲ್ಲಕ್ಕಿಂತ ತಗ್ಗಿನದು ಬೈಲು. ಮೇಲಿನ ನೀರೆಲ್ಲ ಇಳಿದು ಬಂದು ಕೂರುವ ಜಾಗ. ವರ್ಷಕ್ಕೆ ಮೂರು ಬೆಳೆ ಕೊಡುತ್ತದೆ, ಮನೆ ಕಟ್ಟಲು ಮಾತ್ರ ಬಿಡುವುದಿಲ್ಲ.

(ಪಾಠ ಮುಗಿಯಿತು. ಇನ್ನು ಕಥೆ.)

೨

೧೯೭೯ರ ಮೇ ತಿಂಗಳು. ಯೂಸುಫ್ ದುಬೈಯಿಂದ ರಜೆಯಲ್ಲಿ ಬಂದಿದ್ದಾನೆ. ಸಣ್ಣವನಿರುವಾಗಲೇ ಬೊಂಬಾಯಿಯಲ್ಲಿ ಮಾವನ ಅಂಗಡಿ ಸೇರಿ, ಅಲ್ಲಿಂದ ಹಾಗೆಯೇ ಕಡಲು ದಾಟಿದವನು. ರಜೆ ಸಿಗುವುದು ಯಾವಾಗಲೂ ಬೇಸಗೆಯಲ್ಲೇ. ಹಾಗಾಗಿ ಅವನು ಕಂಡ ಬೈಲು ಎಂದರೆ ಒಣಗಿ ಬಿರಿದ ನೆಲ, ಹುಡುಗರ ವಾಲಿಬಾಲ್ ನೆಟ್ಟು. ರಸ್ತೆಗೆ ಹತ್ತಿರ, ಚಪ್ಪಟೆ, ಗುಡ್ಡ ಅಗೆಯುವ ರಗಳೆಯಿಲ್ಲ. ಉಮ್ಮ ಆಮಿನಮ್ಮನಿಗೆ ಅಲ್ಲೇ ಮನೆಯೆಂದು ಜಾಗ ಕೊಂಡ. ಕಾರ್ಕಳದಿಂದ ಕಲ್ಲು ತರಿಸಿ ಪಾಯ ಹಾಕಿಸಿದ.

ಪಕ್ಕದ ಗದ್ದೆಯ ಡುಲ್ಸಿನ್ ಬಾಯಿ ಗೊಬ್ಬರದ ಬುಟ್ಟಿ ಇಳಿಸಿ ನಿಂತಳು.

“ಯೂಸುಫಾ, ಇದರಲ್ಲಿ ನಿನ್ನ ಬೆಡ್‌ರೂಮ್ ಯಾವುದು ಮಾರಾಯ?”

“ಇದು, ಬಾಯಿ. ಎಂತಕ್ಕೆ?”

“ಭತ್ತದ ನೇಜಿ ನೆಡುವಾಗ ಅಲ್ಲಿಂದಲೇ ಶುರು ಮಾಡುವ ಅಂತ. ಮಂಚ ಸ್ವಲ್ಪ ಸರಿಸಿ ಕೊಡು, ಆಯ್ತಾ?”

ಯೂಸುಫ್ ನಕ್ಕ. ಊರಿನವರಿಗೆ ಹೊಟ್ಟೆಕಿಚ್ಚು ಎಂದುಕೊಂಡ.

೩ (ಹರಿದು ಹಾಕಿದ ಕರಡು)

‘ಮನೆ ಎದ್ದಿತು. ಆಮಿನಮ್ಮ ಬಲಗಾಲಿಟ್ಟು ಒಳಗೆ...’

ಇಡಲಿಲ್ಲ. ಆಕೆ ವಾಕ್ಯದ ಹೊಸ್ತಿಲಲ್ಲೇ ನಿಂತು ನನ್ನನ್ನು ಕೂಗಿದರು.

“ಓ ಕಥೆ ಬರೆಯುವವರೇ, ನನ್ನನ್ನು ಎಲ್ಲಿಗೆ ಹತ್ತಿಸ್ತಾ ಇದ್ದೀರಿ? ಆಟಿ ತಿಂಗಳ ಮಳೆಗೆ ನನ್ನ ಒಲೆಯಲ್ಲಿ ಏಡಿ ಮರಿ ಹಾಕ್ತದೆ!”

“ಅದಕ್ಕೆಂತ ಆಮಿನಮ್ಮಾ? ಬೈಲು ಅಂತ ಇದ್ದದ್ದನ್ನು ಹೊಡೆದುಹಾಕಿ ಮಜಲು ಅಂತ ಬರೀತೇನೆ.”

“ಬರೀರಿ. ನೀರಿಗೆ ಓದ್ಲಿಕ್ಕೆ ಬರ್ತದಾ?”

(ಪೆನ್ನಿಗೆ ಮುಚ್ಚಳ ಹಾಕಿ ಚಾ ಕುಡಿಯಲು ಎದ್ದೆ.)

೫

(ನಾಲ್ಕನೆಯದು ಬೈಲಿನಲ್ಲಿತ್ತು. ಮುಳುಗಿತು.)

“ಮೋನೇ, ಕಟ್ಟಬೇಡ ಅಂತ ನಾನು ಹೇಳುವುದಿಲ್ಲ,” ಎಂದರು ಆಮಿನಮ್ಮ, ಮಗನ ತಟ್ಟೆಗೆ ಪತ್ತಿರಿ ಹಾಕುತ್ತಾ. “ಒಂದು ಮಳೆ ಇಲ್ಲಿ ನಿಂತು ನೋಡು. ಮತ್ತೆ ನೀನೇ ಹೇಳು.”

“ರಜೆ ಮುಗೀತು ಉಮ್ಮಾ. ಹೋಗದಿದ್ದರೆ ಕೆಲಸ ಹೋಗ್ತದೆ. ಮೇಸ್ತ್ರಿಗೆ ಹೇಳಿದ್ದೇನೆ, ಗೋಡೆ ಏಳ್ತದೆ.”

“ಗೋಡೆ ಏಳ್ತದೆ. ನೀನು ನನ್ನ ಜೊತೆ ಕೂತು ಮಳೆ ನೋಡಿ ಎಷ್ಟು ವರ್ಷ ಆಯ್ತು, ಹೇಳು?”

ಯೂಸುಫ್ ತಟ್ಟೆ ಬದಿಗೆ ಸರಿಸಿದ. ಮನೆಯ ವಿಷಯ ಅಂದುಕೊಂಡಿದ್ದ. ಉಮ್ಮ ಕೇಳುತ್ತಿದ್ದದ್ದು ಬೇರೆಯೇ. ಅವನು ನನ್ನತ್ತ ತಿರುಗಿದ.

“ಸಾರ್, ಈ ವರ್ಷ ಮಳೆ ಸ್ವಲ್ಪ ಬೇಗ ಬರಿಸಿ ಮಾರಾಯ್ರೆ.”

“ಅದು ಚೀಟಿಂಗ್ ಆಗ್ತದೆ ಯೂಸುಫ್.”

“ಅಷ್ಟೂ ಆಗದಿದ್ದರೆ ನೀವು ಎಂತ ಲೇಖಕ?”

೬

ಅಂತ್ಯ ಒಂದು: ಅವನು ಹೋಗುತ್ತಾನೆ. ಮನೆ ಏಳುತ್ತದೆ. ಬೆಡ್‌ರೂಮಿನಲ್ಲಿ ಡುಲ್ಸಿನ್ ಬಾಯಿಯ ನೇಜಿ ಚೆನ್ನಾಗಿ ಬರುತ್ತದೆ.

ಅಂತ್ಯ ಎರಡು: ಅವನು ನಿಲ್ಲುತ್ತಾನೆ. ದುಬೈಯ ಕೆಲಸ ಹೋಗುತ್ತದೆ. ಕಟಪಾಡಿಯಲ್ಲಿ ಬೀಡದ ಅಂಗಡಿ ಇಟ್ಟು ಮಳೆಗೆ ಶಾಪ ಹಾಕುತ್ತಾನೆ.

ಎರಡೂ ಆಮಿನಮ್ಮನಿಗೆ ಬೇಡವಂತೆ. ಸರಿ, ಚೀಟಿಂಗೇ ಮಾಡುವ.

ಕಟಪಾಡಿ ಜಂಕ್ಷನ್. ಬೆಳಗ್ಗಿನಿಂದ ಮಳೆ ಹೊಡೆಯುತ್ತಿದೆ. ಬೊಂಬಾಯಿ ಬಸ್ಸಿನ ಮೇಲೆ ಯೂಸುಫನ ಸೂಟ್‌ಕೇಸು ಏರಿದೆ. ಅವನ ಒಂದು ಕಾಲು ಮೆಟ್ಟಿಲಲ್ಲಿ, ಒಂದು ಕೆಸರಿನಲ್ಲಿ. ಉಮ್ಮ ಅವನ ತಲೆಯ ಮೇಲೆ ಕೊಡೆ ಹಿಡಿದಿದ್ದಾರೆ. ಡುಲ್ಸಿನ್ ಬಾಯಿ ಒದ್ದೆಯಾಗಿ ಓಡಿ ಬಂದು ಕೂಗುತ್ತಾಳೆ:

“ಯೂಸುಫಾ, ನಿನ್ನ ಅಡುಗೆಮನೆಗೆ ನೀರು ಬಂತು! ನಲ್ಲಿಯೇ ಬೇಡ!”

ಈಗ ಅವನು ನಗಲಿಲ್ಲ. ಆಮೇಲೆ ನಕ್ಕ, ಉಮ್ಮನೂ ನಕ್ಕರು.

ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟುಕೊಂಡಿದ್ದಾನೆ. ‘ಊದಿದ’ ಎಂದು ನಾನು ಬರೆಯಬೇಕು. ಆಮಿನಮ್ಮ ಕೊಡೆಯಡಿಯಿಂದ ನನ್ನನ್ನೇ ನೋಡುತ್ತಿದ್ದಾರೆ.

ಬರೆಯುವುದಿಲ್ಲ. ನೋಡಲಿ ಇಬ್ಬರೂ, ಮಳೆ. ನಿಮಗೆ ಅವಸರವಿದ್ದರೆ ಹಿಂದೆ ಬರುವ ಬಸ್ಸಿಗೆ ಹತ್ತಿ. ಇದು ಇನ್ನೂ ಕಟಪಾಡಿಯಲ್ಲೇ ಉಂಟು.