ವರ್ಷ ವರ್ಷ ಹೊಸದಾಗುವ ವ್ಯಾನು

"ಮೇಡಂ ಕೇಳಿದ್ರೆ ಏನ್ ಹೇಳ್ಬೇಕು?" ವ್ಯಾನಿನ ಬಾಗಿಲಲ್ಲಿ ನಿಂತು ತಮ್ಮ ಗುಡುಗಿದ, ಕ್ಲೈಮ್ಯಾಕ್ಸಿಗೆ ಸೈನ್ಯ ಕಟ್ಟುವ ಹೀರೋನ ಹಾಗೆ.

"ಇವತ್ತೇ ಮೊದಲ್ನೇ ದಿನ ಅಂತ," ಹಿಂದಿನ ಸೀಟಿನ ಅಜ್ಜಿ ಆಕಳಿಸಿದಳು. "ಹೋದ್ ವರ್ಷ ಅವ್ರ ಫೋನ್ ಬಂದಾಗ್ಲೂ ಇದೇ ಡೈಲಾಗ್ ಕಲ್ಸಿದ್ಯಲ್ಲೋ. ಬೇರೆ ಬರ್ಕೊಂಡ್ ಬಾ."

ಡಯಾಲಿಸಿಸ್‌ಗೆ ಹೋಗುವವರನ್ನು ಈ ವ್ಯಾನು ಮನೆಯಿಂದ ಆಸ್ಪತ್ರೆಗೆ ಒಯ್ದು ವಾಪಸ್ ಬಿಡುತ್ತಿತ್ತು. ಅಕ್ಕ ನಡೆಸುತ್ತಿದ್ದಳು, ತಮ್ಮ ಓಡಿಸುತ್ತಿದ್ದ. ಡೀಸೆಲ್ಲಿಗೆ ಪ್ರತಿಷ್ಠಾನದ ಅನುದಾನವೇ ಗತಿ. ಪ್ರತಿಷ್ಠಾನವೋ ಹೊಸ ಯೋಜನೆಗಳಿಗೆ ಮಾತ್ರ ಕೊಡುತ್ತಿತ್ತು. ಹಾಗಾಗಿ ಅದೇ ವ್ಯಾನು ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತಿತ್ತು: ಒಮ್ಮೆ 'ಚೈತನ್ಯ ಯಾನ', ಒಮ್ಮೆ 'ಸಂಚಾರಿ ಸಾಂತ್ವನ'. ಹೆಸರು ಹುಡುಕಿ ಹುಡುಕಿ ಅಕ್ಕನ ತಲೆ ಬರಿದಾಗಿತ್ತು. ಈ ಸಲ ಅಲ್ಲಿಂದ ಮೇಡಂ ಒಬ್ಬರು ಖುದ್ದು ನೋಡುತ್ತೇನೆಂದು ಹೊರಟುಬಂದಿದ್ದರು.

ಮೇಡಂ ಹತ್ತಿ ನಡುವಿನ ಸೀಟಿನಲ್ಲಿ ಕೂತರು. "ಅಬ್ಬಾ, ಇಂಥಾ ಗಾಡೀನ ಜನ್ಮದಲ್ಲೇ ನೋಡಿರ್ಲಿಲ್ಲ!" ಎಂದು ಬಾಗಿಲ ಪಕ್ಕದ ಟೈಲರಣ್ಣ ಎದೆ ಮುಟ್ಟಿಕೊಂಡ. "ನಂಗೂ ಇವತ್ತೇ ಮೊದಲ್ನೇ ದಿನ," ಎಂದಳು ಅಜ್ಜಿ. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸೇತುವೆ ದಾಟಿ ತಿರುವು ಬಂತು. ಟೈಲರಣ್ಣ ಮಾತಾಡುತ್ತಲೇ ಕೈ ಚಾಚಿ ಸಡಿಲ ಬಾಗಿಲನ್ನು ಒತ್ತಿ ಹಿಡಿದ. ಅಜ್ಜಿ ಜಾರಲಿದ್ದ ಚೀಲಕ್ಕೆ ಕಾಲು ಅಡ್ಡ ಕೊಟ್ಟಳು. ಎಲ್ಲರೂ ಒಟ್ಟಿಗೆ ಎಡಕ್ಕೆ ವಾಲಿದರು, ಒಟ್ಟಿಗೇ ನೆಟ್ಟಗಾದರು. ತಲೆ ಬಡಿಸಿಕೊಂಡವರು ಮೇಡಂ ಒಬ್ಬರೇ.

ಆಸ್ಪತ್ರೆಯಲ್ಲಿ ಎಲ್ಲರೂ ಒಳಹೋದ ಮೇಲೆ ಮೇಡಂ ಹಣೆ ಉಜ್ಜಿಕೊಳ್ಳುತ್ತಾ ಕೇಳಿದರು, "ಎಷ್ಟ್ ವರ್ಷದಿಂದ ಓಡಿಸ್ತಿದೀರ?"

"ಮೇಡಂ, ಪ್ರತಿಯೊಂದು ಪಯಣಾನೂ ಒಂದು ಹೊಸ..."

"ಸುಮ್ನಿರೋ," ಎಂದಳು ಅಕ್ಕ. "ಆರು ವರ್ಷ ಆಯ್ತು ಮೇಡಂ."

ಮೇಡಂ ಕೈಲಿದ್ದ ಫೈಲು ಮುಚ್ಚಿದರು. "ನಡೀತಿರೋದಕ್ಕೆ ನಾವು ಕೊಡೋ ಹಾಗಿಲ್ಲಮ್ಮ. ಕೇಳಿ ನೋಡ್ತೀನಿ. ಆಸೆ ಇಟ್ಕೋಬೇಡಿ."

ಅವರು ಹೋದ ಮೇಲೆ ತಮ್ಮ ಸ್ಟೇರಿಂಗಿಗೆ ಹಣೆ ಊರಿದ. "ಇನ್ನೊಂದ್ ಸುಳ್ಳು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತೇ?"

"ಸಾಕಾಯ್ತು ಕಣೋ."

ಈ ತಿಂಗಳು ದಾಟಿದರೆ ಡೀಸೆಲ್ಲಿಗೆ ದಾರಿಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಎಲ್ಲರೂ ತೋಳಿನ ಹತ್ತಿ ಒತ್ತಿಕೊಂಡು ಒಬ್ಬೊಬ್ಬರಾಗಿ ಹೊರಬಂದರು. ಅಜ್ಜಿಯ ಮುಖ ಬಿಳಿಚಿತ್ತು.

"ನಾನು ಸರಿಯಾಗಿ ಹೇಳಿದ್ನೇನಮ್ಮ?"

"ಹೇಳಿದ್ರಿ ಅಜ್ಜಿ."

"ಹಾಗಾದ್ರೆ ನಾಳಿದ್ದು ಎಷ್ಟೊತ್ತಿಗೆ?"

ತಮ್ಮ ಕನ್ನಡಿಯಲ್ಲಿ ಅಕ್ಕನನ್ನು ನೋಡಿದ.

"ಯಾವಾಗ್ಲೂ ಬರೋ ಹೊತ್ತಿಗೇ," ಎಂದಳು ಅಕ್ಕ. ಸೂಜಿ ಚುಚ್ಚದ ಕೈ ಯಾವುದೆಂದು ನೋಡಿ, ಅದನ್ನು ಹಿಡಿದು ಅಜ್ಜಿಯನ್ನು ಮೆಲ್ಲಗೆ ಮೆಟ್ಟಿಲು ಹತ್ತಿಸಿದಳು.